ಸ್ಪಿಟ್‌ಫೈರ್ ವಿಮಾನದ ಕಂಟ್ರೋಲ್ ಸ್ಟಿಕ್ ಮನೆಯಲ್ಲಿ ತಯಾರಿಸುವುದು ಹೇಗೆ?

1936ರ ಮಾರ್ಚ್ 5ರಂದು ಮೊದಲ ಬಾರಿ ಹಾರಿದ ಬ್ರಿಟನ್ನಿನ ಸ್ಪಿಟ್‌ಫೈರ್ ಯುದ್ಧವಿಮಾನದ ಕಾಕ್‌ಪಿಟ್ ಬಹಳ ಇಕ್ಕಟ್ಟಾಗಿತ್ತು. ಪೈಲಟ್‌ನ ಮೊಣಕಾಲುಗಳ ನಡುವೆ ವಿಮಾನವನ್ನು ನಿಯಂತ್ರಿಸುವ ಕೋಲು, ಅಂದರೆ ಸ್ಟಿಕ್, ಇಡಿಯಾಗಿ ಎಡಬಲಕ್ಕೆ ವಾಲುವಷ್ಟು ಜಾಗ ಅಲ್ಲಿರಲಿಲ್ಲವಾದ್ದರಿಂದ ಅದರ ಬುಡ ಹಿಂದೆ ಮುಂದೆ ಮಾತ್ರ ಚಲಿಸುತ್ತಿತ್ತು; ಎಡಬಲದ ಚಲನೆಗೆ ಮೇಲ್ಭಾಗದಲ್ಲೇ ಇನ್ನೊಂದು ಕೀಲಿತ್ತು, ಅದರ ಮೇಲೆ ಬಳೆಯಾಕಾರದ ಹಿಡಿ. ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಸಿಮ್ಯುಲೇಟರಿಗೆ ಇಂಥ ಸ್ಟಿಕ್ ಮಾಡುವಾಗ, ಬಳೆಯನ್ನಷ್ಟೇ ಮಾಡಿ ಸಾಮಾನ್ಯ ಜಾಯ್‌ಸ್ಟಿಕ್‌ಗೆ ಸಿಕ್ಕಿಸಿದರೆ ನೋಟಕ್ಕೆ ಚೆನ್ನಾಗಿರುತ್ತದೆ, ಆದರೆ ಕೈಗೆ ಆ ವಿಮಾನ ಸಿಗುವುದಿಲ್ಲ. ಆದ್ದರಿಂದ ಕೆಲಸವನ್ನು ಕೀಲುಗಳಿಂದಲೇ ಆರಂಭಿಸಬೇಕು.

ಮೊದಲು 18 ಮಿ.ಮೀ. ದಪ್ಪದ ಪ್ಲೈವುಡ್ ಹಲಗೆಯನ್ನು ಕುರ್ಚಿಯ ಮುಂಗಾಲುಗಳೂ ಅದರ ಮೇಲೆ ಕೂರುವಷ್ಟು ಉದ್ದಕ್ಕೆ ಕತ್ತರಿಸಿಕೊಳ್ಳಿ. ಕೂತವರ ಭಾರವೇ ಹಲಗೆಯನ್ನು ಜಾರದಂತೆ ಹಿಡಿಯುತ್ತದೆ. ಬುಡದ ಕೀಲಿಗೆ 8 ಮಿ.ಮೀ. ಬೋಲ್ಟನ್ನೂ ಅದಕ್ಕೆ ಸರಿಹೊಂದುವ 608 ಅಳತೆಯ ಎರಡು ಬಾಲ್ ಬೇರಿಂಗ್‌ಗಳನ್ನೂ ಬಳಸಿ, ಬೇರಿಂಗ್‌ಗಳ ನಡುವೆ ಎಂಟು ಹತ್ತು ಸೆಂ.ಮೀ. ಅಂತರ ಬಿಡಿ. ನಾನು ಮೊದಲ ಸಲ ಬೇರಿಂಗ್ ಇಲ್ಲದೆ ಮರದಲ್ಲಿ ಕೊರೆದ ತೂತಿಗೇ ಬೋಲ್ಟ್ ಹಾಕಿದ್ದೆ; ಕೆಲವೇ ದಿನಗಳಲ್ಲಿ ತೂತು ಸವೆದು, ಬುಡದಲ್ಲಿ ಕಣ್ಣಿಗೆ ಕಾಣದಿದ್ದ ಸಡಿಲ ಮೇಲಿನ ಹಿಡಿಯಲ್ಲಿ ಬೆರಳಗಲದ ಅಲುಗಾಟವಾಗಿತ್ತು.

ಬಳೆಗೆ ತೆಳು ಅಲ್ಯೂಮಿನಿಯಂ ಕೊಳವೆ ಸಾಕು. ಒಣ ಮರಳನ್ನು ಗಟ್ಟಿಯಾಗಿ ತುಂಬಿ, ಎರಡೂ ತುದಿ ಮುಚ್ಚಿ, ದುಂಡಗಿನ ಮರದ ಅಚ್ಚಿನ ಸುತ್ತ ನಿಧಾನವಾಗಿ ಬಗ್ಗಿಸಿದರೆ ಕೊಳವೆ ಮಡಚಿಕೊಳ್ಳುವುದಿಲ್ಲ. ಮೂಲ ಹಿಡಿಯ ಮೇಲೆ ಬ್ರೇಕಿನ ಸನ್ನೆಯೂ ಇತ್ತು; ಸೈಕಲ್ಲಿನ ಬ್ರೇಕ್ ಲಿವರ್ ಆ ಜಾಗಕ್ಕೆ ಚೆನ್ನಾಗಿ ಹೊಂದುತ್ತದೆ.

ಕೀಲುಗಳ ಚಲನೆಯನ್ನು ಅಳೆಯಲು ಪೊಟೆನ್ಶಿಯೋಮೀಟರ್‌ಗಿಂತ (ತಿರುಗಿಸಿದಂತೆ ವಿದ್ಯುತ್ ರೋಧ ಬದಲಾಗುವ ಬಿಡಿಭಾಗ) ಅಯಸ್ಕಾಂತೀಯ ಸೆನ್ಸರ್ ಮೇಲು, ಏಕೆಂದರೆ ಅದರಲ್ಲಿ ಉಜ್ಜಿ ಸವೆಯುವ ಭಾಗವೇ ಇಲ್ಲ. ಎಎಸ್5600 ಸೆನ್ಸರ್ ಒಂದು ಪೂರ್ಣ ಸುತ್ತನ್ನು 4096 ಭಾಗ ಮಾಡುತ್ತದೆ. ನಮ್ಮ ಸ್ಟಿಕ್ 40 ಡಿಗ್ರಿಯಷ್ಟೇ ತಿರುಗಿದರೂ ಸುಮಾರು 455 ಹಂತಗಳು ಸಿಗುತ್ತವೆ, ಮನೆಯ ಬಳಕೆಗೆ ಅಷ್ಟು ಸಾಕು. ಕೀಲಿನ ಜೊತೆ ತಿರುಗುತ್ತ ಸೆನ್ಸರಿಗೆ ಚಲನೆಯನ್ನು ತಿಳಿಸುವುದು ಬಿಲ್ಲೆಯಾಕಾರದ ಪುಟ್ಟ ಅಯಸ್ಕಾಂತ; ಅದರ ಎರಡು ಧ್ರುವಗಳು ಬಿಲ್ಲೆಯ ಮೇಲೆ ಕೆಳಗೆ ಇರದೆ ಅಕ್ಕಪಕ್ಕದಲ್ಲಿರುವಂಥದನ್ನೇ ಕೊಳ್ಳಬೇಕು. ಅದನ್ನು ಉಕ್ಕಿನ ಬೋಲ್ಟಿಗೆ ನೇರವಾಗಿ ಅಂಟಿಸಿದರೆ ಕಾಂತಕ್ಷೇತ್ರ ಕದಡುತ್ತದೆ. ನಡುವೆ ಪ್ಲಾಸ್ಟಿಕ್ ಅಥವಾ ಹಿತ್ತಾಳೆಯ ತುಂಡಿಟ್ಟು, ಸೆನ್ಸರಿಗೂ ಅಯಸ್ಕಾಂತಕ್ಕೂ ಒಂದೆರಡು ಮಿ.ಮೀ. ಅಂತರ ಉಳಿಸಿ. ಈ ಸೆನ್ಸರುಗಳಿಗೆಲ್ಲ ಒಂದೇ ಡಿಜಿಟಲ್ ವಿಳಾಸವಿರುವುದರಿಂದ, ಎರಡು ಕೀಲಿಗೆ ಎರಡನ್ನು ಒಟ್ಟಿಗೆ ಜೋಡಿಸುವಾಗ ಅನಲಾಗ್ ಔಟ್‌ಪುಟ್ (ಕೋನಕ್ಕೆ ತಕ್ಕಂತೆ ಬದಲಾಗುವ ವೋಲ್ಟೇಜ್) ಬಳಸುವುದು ಸುಲಭ. ಸೆನ್ಸರುಗಳನ್ನು ಓದಿ ಕಂಪ್ಯೂಟರಿಗೆ ತಿಳಿಸುವ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡ್ ಆರ್ಡುಯಿನೊ ಲಿಯೊನಾರ್ಡೊ ಆಗಿರಲಿ. ಸೂಕ್ತ ಪ್ರೋಗ್ರಾಮ್ ಹಾಕಿದರೆ ಯುಎಸ್‌ಬಿ ಮೂಲಕ ಕಂಪ್ಯೂಟರ್ ಅದನ್ನು ಜಾಯ್‌ಸ್ಟಿಕ್ ಎಂದೇ ಗುರುತಿಸುತ್ತದೆ.

ಇನ್ನುಳಿದದ್ದು ಸ್ಪ್ರಿಂಗ್. ಹೆಚ್ಚಿನವರು ಎರಡೂ ದಿಕ್ಕಿಗೆ ಒಂದೇ ಬಿಗಿಯ ಸ್ಪ್ರಿಂಗ್ ಹಾಕಿಬಿಡುತ್ತಾರೆ, ಅದು ಸರಿಯಲ್ಲ. ಸ್ಪಿಟ್‌ಫೈರ್‌ನಲ್ಲಿ ಮೂತಿಯನ್ನು ಏರಿಸಿ ಇಳಿಸುವ ಚಲನೆ ಬಹಳ ಹಗುರ. ರೆಕ್ಕೆಯನ್ನು ಓರೆಯಾಗಿಸುವ ಚಲನೆ ವೇಗ ಹೆಚ್ಚಿದಂತೆ ಗಡುಸಾಗುತ್ತಿತ್ತು. ಹಾಗಾಗಿ ಬುಡದ ಕೀಲಿಗೆ ಮೆದು ಸ್ಪ್ರಿಂಗನ್ನೂ ಮೇಲಿನ ಕೀಲಿಗೆ ಬಿಗಿಯಾದದ್ದನ್ನೂ ಹಾಕಿ. ಸಿಮ್ಯುಲೇಟರಿನಲ್ಲಿ ಡೆಡ್ ಝೋನನ್ನು (ಸ್ಟಿಕ್ ಸ್ವಲ್ಪ ಅಲುಗಿದರೂ ಲೆಕ್ಕಕ್ಕೆ ತೆಗೆದುಕೊಳ್ಳದ ನಡುವಿನ ಭಾಗ) ಸೊನ್ನೆಗೆ ತಂದು ಎರಡು ಬೆರಳಲ್ಲಿ ಬಳೆಯನ್ನು ಮೆಲ್ಲಗೆ ಎಳೆಯಿರಿ. ಅದೇ ಕ್ಷಣ ಪರದೆಯ ಮೇಲೆ ವಿಮಾನದ ಮೂತಿ ಮೇಲೇಳದಿದ್ದರೆ ಬುಡದ ನಟ್ಟನ್ನು ಮತ್ತೊಮ್ಮೆ ಪರೀಕ್ಷಿಸಿ.