ಬೇಸಿಗೆಯಲ್ಲಿ ದ್ರವ ಯೀಸ್ಟ್ ಕಳಿಸುವುದು: ನನ್ನ ಅನುಭವ

ಪೊಟ್ಟಣ ದಿಂಬಿನ ಹಾಗೆ ಉಬ್ಬಿತ್ತು. ಪಕ್ಕದಲ್ಲಿದ್ದ ಐಸ್ ಪ್ಯಾಕ್ ಒತ್ತಿದರೆ ಪಚಪಚ ಎನ್ನುತ್ತಿತ್ತು, ಕೈಗೆ ಬೆಚ್ಚಗೆ ತಗುಲಿತು. ಮನೆಯಲ್ಲಿ ಬಿಯರ್ ಮಾಡಲು ಶುರುಮಾಡಿದ ಹೊಸದರಲ್ಲಿ ನಾನು ತರಿಸಿದ ಮೊದಲ ದ್ರವ ಯೀಸ್ಟ್ ಅದು, ಅಂದರೆ ಸಕ್ಕರೆಯನ್ನು ಹುದುಗಿಸುವ ಜೀವಂತ ಸೂಕ್ಷ್ಮಜೀವಿ. ನಾಲ್ಕು ದಿನ ಬಿಸಿಲಲ್ಲಿ ಅಲೆದು ಬಂದಿತ್ತು. ಸತ್ತೇ ಹೋಗಿದೆ ಅಂದುಕೊಂಡು ಎಸೆದುಬಿಟ್ಟೆ. ಉಬ್ಬಿದೆ ಅಂದರೆ ಒಳಗೆ ಯಾರೋ ಉಸಿರಾಡಿದ್ದಾರೆ ಎಂದೇ ಅರ್ಥ, ಅದು ಆಗ ತಲೆಗೆ ಹೊಳೆಯಲಿಲ್ಲ. ಆ ಕೊರಗು ಈಗಲೂ ಇದೆ.

ಈಗ ನನ್ನ ಯೀಸ್ಟ್ ನಾನೇ ಬೆಳೆಸುತ್ತೇನೆ, ಕೇಳಿದ ಗೆಳೆಯರಿಗೆ ಕಳಿಸುತ್ತೇನೆ. ಒಣ ಯೀಸ್ಟ್‌ಗೆ ಇಷ್ಟೆಲ್ಲ ಜೋಪಾನ ಬೇಕಿಲ್ಲ, ಕೆಲವು ದಿನದ ಸೆಕೆಯನ್ನು ಅದು ತಡೆದುಕೊಳ್ಳುತ್ತದೆ. ದ್ರವ ಯೀಸ್ಟ್‌ನ ಕೋಶಗಳು ಒದ್ದೆಯಾಗಿ, ಎಚ್ಚರವಾಗಿಯೇ ಇರುತ್ತವೆ. 1ರಿಂದ 4 ಡಿಗ್ರಿಯಲ್ಲಿಟ್ಟರೆ ತಮ್ಮೊಳಗೆ ಕೂಡಿಟ್ಟ ಗ್ಲೈಕೋಜನ್, ಟ್ರೆಹಲೋಸ್ ಎಂಬ ಆಹಾರದ ದಾಸ್ತಾನನ್ನು ಚೂರುಚೂರೇ ಬಳಸಿಕೊಂಡು ಕಾಲ ಹಾಕುತ್ತವೆ. ಹಾಗಿಟ್ಟರೂ ತಿಂಗಳಿಗೆ ಸುಮಾರು ಶೇ 20ರಷ್ಟು ಸಾಯುತ್ತವೆ ಎಂಬುದು ಬಿಯರ್ ಮಾಡುವವರ ರೂಢಿಯ ಲೆಕ್ಕ, ತಳಿಯಿಂದ ತಳಿಗೆ ಅದು ಹೆಚ್ಚುಕಡಿಮೆ ಆಗುತ್ತದೆ. ಬಿಸಿ ಏರಿದರೆ ದಾಸ್ತಾನು ಬೇಗ ಖಾಲಿ. ಆಮೇಲೆ ಕೋಶ ತನ್ನನ್ನು ತಾನೇ ಜೀರ್ಣಿಸಿಕೊಳ್ಳಲು ತೊಡಗುತ್ತದೆ.

ಮೊದಮೊದಲು ನಾನೂ ಎಲ್ಲರ ಹಾಗೆ ಬೆಳ್ಳಿ ಬಣ್ಣದ ಬಬಲ್ ಕವರಿನಲ್ಲಿ ಒಂದು ಜೆಲ್ ಪ್ಯಾಕ್ ಹಾಕಿ ಕಳಿಸುತ್ತಿದ್ದೆ. ಅದು ಎಷ್ಟು ಹೊತ್ತು ತಡೆಯುತ್ತದೆ ಎಂದು ನೋಡಲು ಬಾಟಲಿಗೆ ಯೀಸ್ಟ್ ಬದಲು ನೀರು ತುಂಬಿ, ತಾಪ ದಾಖಲಿಸುವ ಸಣ್ಣ ಲಾಗರ್ ಇಳಿಬಿಟ್ಟು, 35 ಡಿಗ್ರಿ ಸೆಕೆಯಲ್ಲಿ ಇಟ್ಟೆ. ಬೆಳಿಗ್ಗೆ ಇಟ್ಟದ್ದು ಮಧ್ಯಾಹ್ನದ ಹೊತ್ತಿಗೆ ಹೊರಗಿನಷ್ಟೇ ಬಿಸಿಯಾಗಿತ್ತು. ಮೂರು ದಿನದ ದಾರಿಗೆ ಅರ್ಧ ದಿನದ ರಕ್ಷಣೆಯೂ ಇರಲಿಲ್ಲ.

ಆವತ್ತು ಕೂತು ಲೆಕ್ಕ ಹಾಕಿದೆ. ಒಂದು ಕಿಲೋ ಮಂಜುಗಡ್ಡೆ 0 ಡಿಗ್ರಿಯಲ್ಲೇ ಕರಗಿ ನೀರಾಗಲು 334 ಕಿಲೋಜೂಲ್ ಶಾಖ ಹೀರುತ್ತದೆ. ಅದೇ ನೀರು 0ಯಿಂದ 10 ಡಿಗ್ರಿಗೆ ಏರಲು 42 ಸಾಕು. ಕಾವಲು ಇರುವುದೆಲ್ಲ ಕರಗುವುದರಲ್ಲೇ, ಕೊನೆಯ ಚೂರು ಕರಗಿತು ಅಂದರೆ ಮುಗಿಯಿತು. ಶಾಖ ಒಳಬರುವುದು ಡಬ್ಬಿಯ ಗೋಡೆಯಿಂದ. ಗೋಡೆ ದಪ್ಪವಾದಷ್ಟೂ, ಅದರ ಹರವು ಕಡಿಮೆಯಾದಷ್ಟೂ ಬರುವ ಶಾಖ ಕಡಿಮೆ. ಒಳಗೆ ಎಲ್ಲ ಕಡೆ 12 ಸೆಂ.ಮೀ. ಇರುವ, 4 ಸೆಂ.ಮೀ. ದಪ್ಪ ಗೋಡೆಯ ಥರ್ಮೋಕೋಲ್ ಡಬ್ಬಿ ತೆಗೆದುಕೊಳ್ಳಿ. ಹೊರಗೂ ಒಳಗೂ 30 ಡಿಗ್ರಿ ವ್ಯತ್ಯಾಸವಿದ್ದರೆ ಸುಮಾರು 4 ವಾಟ್ ಶಾಖ ನುಗ್ಗುತ್ತದೆ. ಒಂದು ಕಿಲೋ ಮಂಜುಗಡ್ಡೆ ಇದ್ದರೆ ಹತ್ತಿರ ಹತ್ತಿರ ಒಂದು ದಿನ ತಡೆಯಬೇಕು. ಲಾಗರ್ ಇಟ್ಟು ನೋಡಿದಾಗಲೂ ಹೆಚ್ಚುಕಡಿಮೆ ಅಷ್ಟೇ ಬಂತು. ದೊಡ್ಡ ಡಬ್ಬಿಯಲ್ಲಿ ಸಣ್ಣ ಪ್ಯಾಕ್ ಇಡುವುದರಷ್ಟು ದಂಡದ ಕೆಲಸ ಇನ್ನೊಂದಿಲ್ಲ ಅಂತ ಆವತ್ತೇ ಮನದಟ್ಟಾಯಿತು. ಉಳಿದ ಜಾಗಕ್ಕೆ ಕಾಗದ ತುರುಕಿ, ಮುಚ್ಚಳದ ಸುತ್ತ ಟೇಪ್ ಸುತ್ತಿ ಸಂದಿ ಮುಚ್ಚುತ್ತೇನೆ.

ಹಾಗಂತ ತಂಪು ಹೆಚ್ಚಾದರೆ ಒಳ್ಳೆಯದು ಅಂತಲ್ಲ. ಒಮ್ಮೆ ಫ್ರೀಜರ್‌ನಿಂದ ತೆಗೆದ ಪ್ಯಾಕನ್ನು ಹಾಗೆಯೇ ಬಾಟಲಿಗೆ ಒತ್ತಿ ಇಟ್ಟು ಕಳಿಸಿದೆ. ಮರುದಿನವೇ ತಲುಪಿತು, ತಣ್ಣಗೇ ಇತ್ತು. ಗೆಳೆಯ ಮೆಥಿಲೀನ್ ಬ್ಲೂ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದ. ಬದುಕಿದ ಕೋಶ ಆ ಬಣ್ಣವನ್ನು ಕಳೆದು ತಿಳಿಯಾಗಿ ಉಳಿಯುತ್ತದೆ, ಸತ್ತದ್ದು ನೀಲಿಯಾಗುತ್ತದೆ. ಅವನಿಗೆ ಕಂಡದ್ದು ಬಹುಪಾಲು ನೀಲಿ. ಪ್ಯಾಕ್ ಮೈನಸ್ 18 ಡಿಗ್ರಿಯಲ್ಲಿತ್ತು, ತಾಗಿದ ಕಡೆ ಯೀಸ್ಟ್ ಹೆಪ್ಪುಗಟ್ಟಿ, ಹಿಮದ ಹರಳುಗಳು ಕೋಶದ ಪೊರೆಯನ್ನು ಹರಿದಿದ್ದವು. ಪ್ರಯೋಗಾಲಯದಲ್ಲಿ ಯೀಸ್ಟ್ ಅನ್ನು ಮೈನಸ್ 80ರಲ್ಲಿ ಇಡುತ್ತಾರೆ ನಿಜ, ಆದರೆ ಹರಳುಗಳಿಂದ ಕೋಶವನ್ನು ಕಾಪಾಡುವ ಗ್ಲಿಸರಾಲ್ ಬೆರೆಸಿ. ಈಗ ಪ್ಯಾಕನ್ನು ಹೊರಗಿಟ್ಟು, ಮೇಲಿನ ಬಿಳಿ ಹಿಮ ಹೋಗಿ ಮೈಯೆಲ್ಲ ಬೆವರುವವರೆಗೂ ಕಾಯುತ್ತೇನೆ. ಬಾಟಲಿಗೂ ಅದಕ್ಕೂ ನಡುವೆ ಎರಡು ಮಡಿಕೆ ರಟ್ಟು ಇರಲೇಬೇಕು.

ಯೀಸ್ಟ್ ಅನ್ನೂ ಅಣಿಗೊಳಿಸಬೇಕು. ಹುದುಗುವಿಕೆ ಪೂರ್ತಿ ಮುಗಿದ ಮೇಲೆ ಎರಡು ಮೂರು ದಿನ ಫ್ರಿಜ್‌ನಲ್ಲಿಟ್ಟು, ತಳಕ್ಕೆ ಕೂತ ಮಂದ ಕೆನೆಬಣ್ಣದ ಪದರವನ್ನಷ್ಟೇ ಬಾಟಲಿಗೆ ತುಂಬುತ್ತೇನೆ. ಸಕ್ಕರೆ ಉಳಿದಿದ್ದರೆ ದಾರಿಯಲ್ಲಿ ಮತ್ತೆ ಕೆಲಸ ಶುರು, ಅನಿಲ ಕಟ್ಟುತ್ತದೆ. ಅದಕ್ಕೇ ಗಾಜು ಬೇಡ. ಪ್ಲಾಸ್ಟಿಕ್ ಬಾಟಲಿ, ಮೂರನೇ ಒಂದು ಭಾಗ ಖಾಲಿ. ಬಾಟಲಿಯೂ ಡಬ್ಬಿಯೂ ಹಿಂದಿನ ರಾತ್ರಿಯಿಂದಲೇ ಫ್ರಿಜ್‌ನಲ್ಲಿರಬೇಕು. 200 ಗ್ರಾಂ ಯೀಸ್ಟ್ 25 ಡಿಗ್ರಿಯಲ್ಲಿ ಒಳಗೆ ಹೋದರೆ ಅದನ್ನು 4ಕ್ಕೆ ಇಳಿಸಲೇ 50 ಗ್ರಾಂ ಮಂಜುಗಡ್ಡೆ ಕರಗುತ್ತದೆ. ಕೊಡುವುದು ಸೋಮವಾರ ಸಂಜೆ, ಗಾಡಿ ಹೊರಡುವ ಸ್ವಲ್ಪ ಮೊದಲು. ಗುರುವಾರ ಕಳಿಸಿದರೆ ಭಾನುವಾರವೆಲ್ಲ ಯಾವುದೋ ಗೋದಾಮಿನಲ್ಲಿ ಕೂತಿರುತ್ತದೆ. ಮನೆಗೆ ತರುವ ಮುಚ್ಚಿದ ವ್ಯಾನಿನೊಳಗೆ ಹೊರಗಿಗಿಂತ ಎಷ್ಟೋ ಹೆಚ್ಚು ಕಾವು, ಹಾಗಾಗಿ ಸಾಧ್ಯವಾದರೆ ಕೊರಿಯರ್ ಕಚೇರಿಗೇ ಹೋಗಿ ತೆಗೆದುಕೊಳ್ಳಲು ಹೇಳುತ್ತೇನೆ.

ಇಷ್ಟೆಲ್ಲ ಮಾಡಿದರೂ ಎರಡನೇ ದಿನಕ್ಕೆ ಮಂಜು ಮುಗಿದಿರುತ್ತದೆ. ಅದನ್ನು ಒಪ್ಪಿಕೊಂಡೇ ಕಳಿಸುವುದು. ಒಂದೆರಡು ದಿನ ಬೆಚ್ಚಗಾದರೆ ಒಂದಷ್ಟು ಕೋಶ ಹೋಗುತ್ತವೆ, ಉಳಿದವನ್ನು ಸ್ಟಾರ್ಟರ್‌ನಲ್ಲಿ, ಅಂದರೆ ಬಿಯರ್‌ಗೆ ಹಾಕುವ ಮೊದಲು ಮಾಡಿಕೊಳ್ಳುವ ಸ್ವಲ್ಪ ಮಾಲ್ಟ್ ನೀರಿನಲ್ಲಿ, ಬೆಳೆಸಬಹುದು. ಹೋದ ಬೇಸಿಗೆಯಲ್ಲಿ ಗೆಳೆಯ ಫೋನ್ ಮಾಡಿದ: "ಬಾಟಲಿ ಊದಿ ಕಲ್ಲಾಗಿದೆ ಕಣೋ, ಪ್ಯಾಕೂ ನೀರಾಗಿದೆ. ಎಸೀಲಾ?"

"ಎಸೀಬೇಡ ಮಾರಾಯ. ನೆಟ್ಟಗೆ ನಿಲ್ಲಿಸಿ ಫ್ರಿಜ್‌ನಲ್ಲಿಡು. ನಾಳೆ ಮುಚ್ಚಳ ಮೆಲ್ಲಗೆ ತಿರುಗಿಸಿ ಗಾಳಿ ಬಿಡು, ಮೂಸಿ ನೋಡು. ಸುಟ್ಟ ರಬ್ಬರ್ ತರ, ಮಾಂಸದ ಸಾರಿನ ತರ ನಾತ ಬಂದರೆ ಮಾತ್ರ ಚೆಲ್ಲು."

ಬ್ರೆಡ್ಡಿನ ವಾಸನೆ ಬರುತ್ತಿದೆ ಎಂದ. 100 ಗ್ರಾಂ ಒಣ ಮಾಲ್ಟ್ ಪುಡಿಗೆ (ಮೊಳಕೆ ಬರಿಸಿದ ಬಾರ್ಲಿಯ ಸಾರದ ಪುಡಿ) ನೀರು ಬೆರೆಸಿ ಒಂದು ಲೀಟರ್ ಮಾಡಿ, ಕುದಿಸಿ, 22 ಡಿಗ್ರಿಗೆ ಆರಿಸಿ ಯೀಸ್ಟ್ ಬೆರೆಸಿದ. ಮರುದಿನ ಬೆಳಿಗ್ಗೆ ಏನೂ ಕಾಣಲಿಲ್ಲ. "ಅಲ್ಲಾಡಿಸ್ತಾ ಇರು, ಗಾಳಿ ಸಿಗಲಿ" ಎಂದೆ. ನನಗೂ ಒಳಗೊಳಗೇ ಅಳುಕಿತ್ತು. ರಾತ್ರಿ ಊಟದ ಹೊತ್ತಿಗೆ ಅವನಿಂದ ಫೋಟೋ ಬಂತು: ದ್ರವ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿತ್ತು, ಮೇಲೆ ಎರಡು ಬೆರಳು ದಪ್ಪ ಬಿಳಿ ನೊರೆ. ಯೀಸ್ಟ್ ಅನ್ನು ತಳಕ್ಕೆ ಕೂರಿಸಿ, ಎರಡು ಲೀಟರಿನಲ್ಲಿ ಇನ್ನೊಮ್ಮೆ ಬೆಳೆಸಿಕೊಂಡು ಶನಿವಾರ ಬಿಯರ್‌ಗೆ ಹಾಕಿದ.