ಹೆಸರು ತೆಗೆದು ಓದುವ ಗುಂಪು

ಬೆಂಗಳೂರಿನಲ್ಲಿ ಸಾಹಿತ್ಯದ ಕಾರ್ಯಕ್ರಮಗಳಿಗೆ ಕೊರತೆ ಇಲ್ಲ. ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತಿನಿಂದ ಹಿಡಿದು ಬಡಾವಣೆಯ ಗಣೇಶೋತ್ಸವದ ಕವಿಗೋಷ್ಠಿ ತನಕ ಹುಡುಕಿದವರಿಗೆ ಏನಾದರೂ ಒಂದು ಸಿಗುತ್ತದೆ. ಪ್ರಾರ್ಥನೆ, ಸ್ವಾಗತ, ದೀಪ, ಹಾರ, ಅಧ್ಯಕ್ಷರ ಮಾತು, ವಂದನಾರ್ಪಣೆ. ಇದರ ನಡುವೆ ಬರೆದವರಿಗೆ ಓದಲು ನಾಲ್ಕೈದು ನಿಮಿಷ. ಓದಿ ಇಳಿದ ಮೇಲೆ ‘ತುಂಬಾ ಚೆನ್ನಾಗಿತ್ತು’ ಅಂತ ಕೈ ಕುಲುಕಿ ಊಟಕ್ಕೆ ಹೊರಡುತ್ತಾರೆ. ನನಗೆ ಬೇಕಿದ್ದದ್ದು ಅದಲ್ಲ. ಕಥೆ ಎಲ್ಲಿ ಸೊರಗಿದೆ ಅಂತ ಯಾರಾದರೂ ಮುಖಕ್ಕೆ ಹೇಳಬೇಕಿತ್ತು. ಬಸವನಗುಡಿಯ ನಮ್ಮ ಭಾನುವಾರದ ಗುಂಪು ಹುಟ್ಟಿದ್ದು ಅದಕ್ಕೇ.

ಕೂರುವುದು ಎಂ.ಎನ್. ಕೃಷ್ಣರಾವ್ ಪಾರ್ಕಿನಲ್ಲಿ. ಹಾಲ್ ಬೇಡ ಅಂತ ಮೊದಲೇ ತೀರ್ಮಾನಿಸಿದ್ದೆವು. ಮೈಕ್ ಬಂದರೆ ಅದರ ಹಿಂದೆಯೇ ಭಾಷಣ ಬರುತ್ತದೆ, ಅಲ್ವಾ? ಸಮಯ ಬೆಳಿಗ್ಗೆ 9. ಭಾನುವಾರ ಮೆಟ್ರೊ ಓಡಾಟ ಶುರುವಾಗುವುದೇ 7ಕ್ಕೆ. 2023ರ ಅಕ್ಟೋಬರ್‌ನಲ್ಲಿ ನೇರಳೆ ಮಾರ್ಗ ವೈಟ್‌ಫೀಲ್ಡ್ ತನಕ ಪೂರ್ತಿಯಾದ ಮೇಲೆ ಆ ಕಡೆಯವರು ಮೆಜೆಸ್ಟಿಕ್‌ನಲ್ಲಿ ರೈಲು ಬದಲಿಸಿ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿಯುತ್ತಾರೆ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಬಂದ ಮೇಲೆ ಎಲೆಕ್ಟ್ರಾನಿಕ್ ಸಿಟಿಯವರಿಗೂ ಸಲೀಸಾಯಿತು. ಬೆಳಿಗ್ಗೆಯೇ ಯಾಕೆ ಅಂದರೆ, ನಮ್ಮೂರ ಮಳೆ ಸಾಮಾನ್ಯವಾಗಿ ಸಂಜೆಯದು. ಸೆಪ್ಟೆಂಬರ್‌ನಲ್ಲೂ ಬೆಳಗಿನ ಹೊತ್ತನ್ನು ಹೆಚ್ಚುಕಡಿಮೆ ನಂಬಬಹುದು.

ಇನ್ನು ನಿಜವಾದ ತೊಡಕಿಗೆ ಬರುತ್ತೇನೆ. ನಮ್ಮಲ್ಲಿ ನಿವೃತ್ತ ಮೇಷ್ಟ್ರು ಇದ್ದಾರೆ, ಡಿಗ್ರಿ ಓದುವ ಹುಡುಗರೂ ಇದ್ದಾರೆ. ಹುಡುಗ ‘ಸರ್, ನಿಮ್ಮ ಕಥೆ...’ ಅಂತ ಬಾಯಿ ತೆರೆದರೆ, ಆ ‘ಸರ್’ ಮುಗಿಯುವಷ್ಟರಲ್ಲೇ ಟೀಕೆ ಕರಗಿ ಹೋಗಿರುತ್ತದೆ. ಆ ಕಡೆ ಮೇಷ್ಟ್ರು ಹುಡುಗರ ಕಥೆ ಸಿಕ್ಕಿದರೆ ಪಾಠ ಶುರು ಮಾಡುತ್ತಾರೆ. ಎರಡರಿಂದಲೂ ಕಥೆಗೆ ಉಪಯೋಗವಿಲ್ಲ. ಮರ್ಯಾದೆ ಬಿಡಿ ಅಂತ ಹೇಳುವುದಕ್ಕಾಗುತ್ತದಾ? ಹೇಳಿದರೂ ಯಾರೂ ಬಿಡುವುದಿಲ್ಲ. ಹಾಗಾಗಿ ಮರ್ಯಾದೆಯನ್ನು ಹಾಗೇ ಇಟ್ಟುಕೊಂಡು, ಕಥೆಯಿಂದ ಹೆಸರನ್ನು ತೆಗೆದುಬಿಟ್ಟೆವು.

ನಡೆಯುವುದು ಹೀಗೆ. ಕಥೆಗಳನ್ನು ಶುಕ್ರವಾರ ರಾತ್ರಿಯೊಳಗೆ ಪಾಳಿಯಲ್ಲಿ ಇರುವವರಿಗೆ ಕಳಿಸಬೇಕು. ಅವರು ಹೆಸರು ತೆಗೆದು, ಸಾಲುಗಳಿಗೆ ನಂಬರ್ ಹಾಕಿ ಪ್ರಿಂಟ್ ತರುತ್ತಾರೆ. ಒಂದು ಕಥೆಗೆ 800 ಪದದ ಮಿತಿ. ಜೋರಾಗಿ ಓದಿದರೆ ಸುಮಾರು ಎಂಟು ಹತ್ತು ನಿಮಿಷ. ಓದುವುದು ಬರೆದವರಲ್ಲ, ಬೇರೆಯವರು. ಬರೆದವರು ಉಳಿದವರ ಜೊತೆ ಏನೂ ಗೊತ್ತಿಲ್ಲದವರ ಹಾಗೆ ಸುಮ್ನೆ ಕೂತಿರಬೇಕು.

ಈ ಬೇರೆಯವರು ಓದುವುದರ ಲಾಭ ನಾನು ಎಣಿಸಿದ್ದಕ್ಕಿಂತ ದೊಡ್ಡದು. ನಮ್ಮ ಸಾಲನ್ನು ನಾವೇ ಓದುವಾಗ ದನಿ ಏರಿಸಿ ಇಳಿಸಿ ಅದರ ಕುಂಟು ಮುಚ್ಚುತ್ತೇವೆ. ಬೇರೆಯವರಿಗೆ ಆ ದಯೆ ಇರುವುದಿಲ್ಲ. ಎಲ್ಲಿ ಎಡವುತ್ತಾರೋ ಅಲ್ಲಿ ವಾಕ್ಯ ಉದ್ದವಾಗಿದೆ ಅಂತಲೇ ಅರ್ಥ. ಒಂದು ಕಥೆಯಲ್ಲಿ ಹುಬ್ಬಳ್ಳಿಯ ಆಟೋದವನು ‘ಎಲ್ಲಿಗೆ ಹೋಗ್ತಿದ್ದೀರಾ?’ ಅಂತ ಕೇಳುತ್ತಿದ್ದ. ಅವತ್ತು ಓದಿದವರು ಧಾರವಾಡದ ಕಡೆಯವರು. ಅವರ ಬಾಯಲ್ಲಿ ಅದು ತನ್ನಷ್ಟಕ್ಕೆ ‘ಎಲ್ಲಿಗೆ ಹೊಂಟೀರಿ?’ ಅಂತ ಬಂತು. ಅವರಿಗೆ ತಾವು ಬದಲಿಸಿದ್ದು ಗೊತ್ತೂ ಆಗಲಿಲ್ಲ. ಬರೆದವರು ಮಾತ್ರ ಪೆನ್ನು ತೆಗೆದರು. ಯಾರು ಬರೆದದ್ದು ಅಂತ ನಮಗೆಲ್ಲ ಗೊತ್ತಾಗಿದ್ದೂ ಹಾಗೆಯೇ!

ಓದಿದ ಮೇಲೆ ಮೊದಲ ಸುತ್ತಿನಲ್ಲಿ ಅಭಿಪ್ರಾಯ ಹೇಳುವಂತಿಲ್ಲ. ಕಥೆಯಲ್ಲಿ ಯಾರಿದ್ದರು, ಎಲ್ಲಿದ್ದರು, ಏನಾಯಿತು ಅಷ್ಟೇ. ಸುಲಭ ಅನ್ನಿಸುತ್ತದೆ. ಆದರೆ ಒಬ್ಬರಿಗೆ ಅಜ್ಜಿ ಸತ್ತುಹೋಗಿದ್ದಾಳೆ, ಇನ್ನೊಬ್ಬರಿಗೆ ನಿದ್ದೆ ಮಾಡುತ್ತಿದ್ದಾಳೆ! ಬರೆದವರ ಮುಖ ಆಗ ನೋಡಬೇಕು. ಎರಡನೇ ಸುತ್ತು, ಮನಸ್ಸು ಆಚೆ ಹೋದ ಸಾಲಿನ ನಂಬರ್ ಹೇಳುವುದು. ಕಾರಣ ಕೊಡಬೇಕಾಗಿಲ್ಲ. ‘ಚೆನ್ನಾಗಿದೆ’, ‘ಹೀಗೆ ಬರೀಬೇಕಿತ್ತು’ ಎರಡಕ್ಕೂ ಜಾಗವಿಲ್ಲ. ಆಮೇಲೆ ಬರೆದವರು ಬೇಕಾದರೆ ಹೆಸರು ಬಿಟ್ಟುಕೊಟ್ಟು ಒಂದು ಪ್ರಶ್ನೆ ಕೇಳಬಹುದು. ಸಮರ್ಥನೆ ಕೊಡುವಂತಿಲ್ಲ.

ಬರೆದವರು ಬಾಯಿ ಮುಚ್ಚಿ ಕೂರುವುದು ನಾವು ಕಂಡುಹಿಡಿದದ್ದೇನಲ್ಲ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ 1936ರಲ್ಲಿ ಶುರುವಾದ ಬರಹಗಾರರ ಕಮ್ಮಟದ ಜೊತೆ ಈ ಪದ್ಧತಿಯ ಹೆಸರು ಸೇರಿಕೊಂಡಿದೆ. ಬರೆದವರನ್ನು ಹೀಗೆ ಮೂಗರನ್ನಾಗಿ ಮಾಡುವುದು ಸರಿಯಲ್ಲ ಅಂತ ಈಗ ಅಲ್ಲಿನವರೇ ವಾದಿಸುತ್ತಾರೆ. ನಾವು ಒಂದು ಪ್ರಶ್ನೆ ಸೇರಿಸಿಕೊಂಡದ್ದು ಅದಕ್ಕೇ. ಕವಿತೆಗೆ ಮಾತ್ರ ಈ ನಿಯಮ ಯಾವುದೂ ಇಲ್ಲ. ಕವಿಗಳಿಂದ ಹಾಳೆ ಕಿತ್ತುಕೊಳ್ಳುವ ಧೈರ್ಯ ನಮಗಿಲ್ಲ.

ಪ್ರಿಂಟ್ ತೆಗೆಯುವವರಿಗೆ ಒಂದು ಕಿವಿಮಾತು. ಯೂನಿಕೋಡ್‌ನಲ್ಲೇ ಟೈಪ್ ಮಾಡಿ ಕಳಿಸಿ ಅಂತ ಎಲ್ಲರಿಗೂ ಮೊದಲೇ ಹೇಳಿ. ಹಳೆಯ ನುಡಿ ಫಾಂಟ್‌ನ ಫೈಲ್ ಫೋನಿನಲ್ಲಿ ತೆರೆದರೆ ಕಾಣುವುದು ಬರೀ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಪರಿವರ್ತಿಸುವ ಸಾಧನಗಳಿವೆ, ಆದರೆ ಒತ್ತಕ್ಷರಗಳನ್ನು ಮತ್ತೊಮ್ಮೆ ನೋಡಲೇಬೇಕು. ಟೈಪ್ ಬಾರದವರು ಫೋನಿಗೆ ಹೇಳಿ ಬರೆಸುತ್ತಾರೆ. ಹಾಗೆ ಬಂದ ಕಥೆಗಳಲ್ಲಿ ಸಂಭಾಷಣೆ ಚುರುಕು, ಪೂರ್ಣವಿರಾಮ ನಾಪತ್ತೆ.

ಬರೆಯಲು ಏನೂ ತೋಚದವರಿಗೆ ಮನೆಗೆಲಸ ಕೊಡುತ್ತೇವೆ. ನನಗೆ ಇಷ್ಟವಾದದ್ದು ಕಡಲೆಕಾಯಿ ಪರಿಷೆಯದು. ಕಾರ್ತಿಕದ ಕೊನೆಯ ಸೋಮವಾರ ಬುಲ್ ಟೆಂಪಲ್ ರಸ್ತೆಯಲ್ಲಿ ನಡೆದು, ಸೇರಿನ ಲೆಕ್ಕದ ಚೌಕಾಸಿ ಕಿವಿಯಾರೆ ಕೇಳಿ, ಮಾತು ಮಾತ್ರ ಬರೆದು ತರಬೇಕು. ಬಣ್ಣನೆ ಬೇಡ. ಅವಳು ನಕ್ಕಳು, ಅವನು ಸಿಟ್ಟಾದ ಅಂತಲೂ ಬರೆಯುವಂತಿಲ್ಲ. ಒಬ್ಬರು ತಂದ ಹಾಳೆಯಲ್ಲಿ ಗಂಡ ಹೆಂಡತಿ ಕಡಲೆಕಾಯಿ ಬೆಲೆಯ ಬಗ್ಗೆ ಮಾತಾಡುತ್ತಾ ಮಾತಾಡುತ್ತಾ ಮಗನ ಕಾಲೇಜು ಫೀಸಿಗೆ ಬಂದು ನಿಂತಿದ್ದರು. ಅದೇ ಮುಂದೆ ಕಥೆಯಾಯಿತು.

ದೀಪಾವಳಿ ವಿಶೇಷಾಂಕಗಳ ಕಥಾಸ್ಪರ್ಧೆ ಪ್ರಕಟವಾದರೆ ಜನ ಜಾಸ್ತಿ. ಆಗ ನಿಭಾಯಿಸುವುದು ಕಷ್ಟ. ಹತ್ತು ಜನ ದಾಟಿದರೆ ಯಾರ ಕಥೆಗೂ ನ್ಯಾಯ ಸಿಗುವುದಿಲ್ಲ. ಹಾಗಾಗಿ ವೈಟ್‌ಫೀಲ್ಡ್ ಕಡೆಯ ಕೆಲವರು ಶನಿವಾರ ಸಂಜೆ ಬೇರೆ ಕೂರಲು ಶುರು ಮಾಡಿದರು. ಅಲ್ಲಿ ಹೆಸರು ತೆಗೆಯುವುದಿಲ್ಲ, ಬರೆದವರೇ ಓದುತ್ತಾರೆ, ‘ಚೆನ್ನಾಗಿದೆ’ ಧಾರಾಳವಾಗಿ ಸಿಗುತ್ತದೆ. ಹೋಗಿ ನೋಡಿ ಬಂದೆ. ನಗು ಜಾಸ್ತಿ, ತಿದ್ದುಪಡಿ ಕಡಿಮೆ. ಆದರೆ ಅವರಲ್ಲಿ ಹೊಸಬರು ಉಳಿಯುತ್ತಾರೆ. ನಮ್ಮಲ್ಲಿ ಅಜ್ಜಿ ಸತ್ತಳೋ ಮಲಗಿದ್ದಳೋ ಅನ್ನುವ ಸುತ್ತು ಒಮ್ಮೆ ಮುಗಿದರೆ, ಎಷ್ಟೋ ಹೊಸಬರು ಮುಂದಿನ ವಾರ ಬರುವುದೇ ಇಲ್ಲ. ಮೊದಲ ಕಥೆಗೆ ಮಾತ್ರ ಶನಿವಾರದವರ ಪದ್ಧತಿ ಇಟ್ಟುಕೊಳ್ಳೋಣ ಅಂತ ನಾನು ಹೇಳುತ್ತಿದ್ದೇನೆ. ಮೇಷ್ಟ್ರು ಇನ್ನೂ ಒಪ್ಪಿಲ್ಲ.