ದೋಟಿ ಹಿಡಿಯೋಕೆ ಕೈ ಸಾಲದೆ ಹೋದಾಗ

ತೀರ್ಥಹಳ್ಳಿ ಕಡೆ ನಮ್ಮದು ಎರಡೂವರೆ ಎಕರೆ ಅಡಿಕೆ ತೋಟ. ಮರ ಹತ್ತಿ ಕೊನೆ, ಅಂದರೆ ಅಡಿಕೆ ಗೊನೆ, ಕೊಯ್ಯುವ ಕೊನೆಗೌಡರು ಸಿಗೋದು ಕಷ್ಟ ಆದಮೇಲೆ ಎಲ್ಲರ ಹಾಗೆ ನಾನೂ ಕಾರ್ಬನ್ ಫೈಬರ್ ದೋಟಿ ತಂದೆ, ನೆಲದಲ್ಲೇ ನಿಂತು ಕೊಯ್ಯುವ ಉದ್ದ ಕೋಲು. 60 ಅಡಿಯದ್ದು. ಅಂಗಡಿಯಲ್ಲಿ ಒಳಗೊಳಗೇ ಸೇರಿಸಿಟ್ಟಿದ್ದಾಗ ಎತ್ತಿ ನೋಡಿದ್ದೆ, ಏನೂ ಭಾರ ಅನ್ನಿಸಿರಲಿಲ್ಲ. ತೋಟದಲ್ಲಿ ಪೂರ್ತಿ ಉದ್ದ ಬಿಟ್ಟು ನಿಲ್ಲಿಸಿದಾಗ ಗೊತ್ತಾಯಿತು. ತುದಿ ಮೇಲೆ ಒಂದು ಗೇಣು ವಾಲಿದರೆ ಸಾಕು, ಕೆಳಗೆ ಕೈಗೆ ಯಾರೋ ಜಗ್ಗಿದ ಹಾಗೆ ಆಗುತ್ತದೆ.

ಮೊದಲ ದಿನ ಬೆಳಿಗ್ಗೆ 8ಕ್ಕೆ ಶುರು ಮಾಡಿದೆ. 10 ಗಂಟೆ ಹೊತ್ತಿಗೆ ಬೆರಳುಗಳು ತಾವಾಗೇ ಬಿಚ್ಚಿಕೊಂಡವು. ಬಿಡಬೇಕು ಅಂತ ನಾನು ಬಿಟ್ಟಿದ್ದಲ್ಲ. ದೋಟಿ ಜಾರಿ ಪಕ್ಕದ ಮರಕ್ಕೆ ಒರಗಿತು, ಕೊನೆ ಬಲೆಗೆ ಸಿಗದೆ ಕಾದಿಗೆಗೆ, ಅಂದರೆ ತೋಟದ ನೀರು ಹೋಗುವ ಕಾಲುವೆಗೆ, ಬಿತ್ತು. ಆ ರಾತ್ರಿ ಕಾಫಿ ಲೋಟ ಎರಡೂ ಕೈಯಲ್ಲಿ ಹಿಡಿದು ಕುಡಿದೆ.

ಕೊಯ್ಲು ಮುಗಿದು ಫೆಬ್ರವರಿಯಲ್ಲಿ ಆನ್‌ಲೈನ್‌ನಲ್ಲಿ ಗ್ರಿಪ್ಪರ್ ತರಿಸಿದೆ, ಕೈಹಿಡಿತ ಗಟ್ಟಿಯಾಗಲು ಅಂಗೈಯಲ್ಲಿ ಹಿಡಿದು ಒತ್ತುವ ಸಾಧನ. ಐರನ್‌ಮೈಂಡ್ ಕಂಪನಿಯ ಕ್ಯಾಪ್ಟನ್ಸ್ ಆಫ್ ಕ್ರಷ್ ಅನ್ನುವ ಸ್ಪ್ರಿಂಗ್ ಗ್ರಿಪ್ಪರ್‌ಗಳು. ಅಲ್ಯೂಮಿನಿಯಂ ಹಿಡಿಕೆ, ಮೇಲೆ ಗರಗರ ಅನ್ನುವ ಗೀರು. ಒತ್ತಿ ಮುಚ್ಚೋಕೆ, ಅಂದರೆ ಎರಡು ಹಿಡಿಕೆ ತಾಗಿಸೋಕೆ, ಎಷ್ಟು ಬಲ ಬೇಕು ಅನ್ನೋದರ ಮೇಲೆ ಇವಕ್ಕೆ ಮೆಟ್ಟಿಲು ಇದೆ. ಗೈಡ್ 60 ಪೌಂಡ್, ಸ್ಪೋರ್ಟ್ 80, ಟ್ರೈನರ್ 100, ಆಮೇಲೆ ಅರ್ಧ ನಂಬರ್ 120, ನಂಬರ್ 1 ಅಂದರೆ 140. ಹೀಗೇ ನಂಬರ್ 4ರವರೆಗೆ, ಅದು 365 ಪೌಂಡ್. ಅದನ್ನು ಅಧಿಕೃತವಾಗಿ ಮೊದಲು ಮುಚ್ಚಿದವನು ಜೋ ಕಿನ್ನಿ ಅನ್ನುವ ಅಮೆರಿಕದವನು, 1998ರಲ್ಲಿ. ನಾನು ನಂಬರ್ 1ರವರೆಗೆ ಐದು ತರಿಸಿದೆ. ನಂಬರ್ 1 ನಮ್ಮ ಪೇಟೆಯಲ್ಲಿ ಸಿಗುವ ಪ್ಲಾಸ್ಟಿಕ್ ಹಿಡಿಕೆಯದ್ದರ ಹಾಗಲ್ಲ. ಮೊದಲ ಸಲ ಒತ್ತಿದಾಗ ಅದು ಅರ್ಧಕ್ಕೂ ಬರಲಿಲ್ಲ.

ಅಲ್ಲಿಂದ ಮೂರು ವಾರ ನಾನು ಮಾಡಿದ್ದು ಶುದ್ಧ ಪೆದ್ದುತನ. ಟಿವಿ ನೋಡುವಾಗ, ಫೋನಲ್ಲಿ ಮಾತಾಡುವಾಗ, ಬಸ್ಸಿಗೆ ಕಾಯುವಾಗ, ಸುಮ್ನೆ ಒತ್ತೋದೇ ಒತ್ತೋದು. ದಿನಾ. ಲೆಕ್ಕ ಇಲ್ಲ. ನಾಲ್ಕನೇ ವಾರ ಬಲ ಮೊಣಕೈಯ ಒಳಬದಿಯಲ್ಲಿ ಒಂದು ನೋವು ಶುರುವಾಯಿತು. ನಲ್ಲಿ ತಿರುಗಿಸಿದರೂ ಚುಳುಕ್.

ಶಿವಮೊಗ್ಗದಲ್ಲಿ ಒಬ್ಬ ಫಿಸಿಯೋಥೆರಪಿಸ್ಟ್ ಹತ್ತಿರ ಹೋದೆ. ಅವರು ಹಿಡಿತದ ಬಲ ಅಳೆಯುವ ಡೈನಮೋಮೀಟರ್ ಕೈಗೆ ಕೊಟ್ಟು ಹಿಂಡಿಸಿದರು. ಎಡಗೈ 36 ಕಿಲೋ, ಬಲಗೈ 34. ನಾನು ಬಲಗೈಯವನು! ನೋವು ಇದ್ದಲ್ಲಿ ಮಿದುಳೇ ಬಲ ಬಿಡೋದಿಲ್ಲ ಅಂದರು. ಆಮೇಲೆ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಬೆರಳೊಳಗೆ ಅದನ್ನು ಮಡಚುವ ಸ್ನಾಯುವೇ ಇಲ್ಲ. ಅವುಗಳಲ್ಲಿ ಮುಖ್ಯವಾದವು ಇರೋದು ಮುಂಗೈಯಲ್ಲಿ. ಅಲ್ಲಿಂದ ಹಗ್ಗದ ಹಾಗೆ ಟೆಂಡನ್‌ಗಳು ಮಣಿಕಟ್ಟು ದಾಟಿ ಬೆರಳಿಗೆ ಹೋಗುತ್ತವೆ. ನಮ್ಮ ಕಡೆ ಅದನ್ನೂ ನರ ಅಂತಲೇ ಕರೀತಾರೆ. ಸ್ನಾಯು ಕೆಲವೇ ವಾರದಲ್ಲಿ ಬಲ ತಗೊಳ್ಳುತ್ತದೆ, ಟೆಂಡನ್ ನಿಧಾನ. ನಾನು ಅದಕ್ಕೆ ಪುರುಸೊತ್ತೇ ಕೊಟ್ಟಿರಲಿಲ್ಲ.

ಅವರೇ ಇನ್ನೊಂದು ವಿಷಯ ಹೇಳಿದರು. 17 ದೇಶಗಳಲ್ಲಿ ಸುಮಾರು 1.4 ಲಕ್ಷ ಜನರ ಕೈಹಿಡಿತ ಅಳೆದು, ವರ್ಷಗಟ್ಟಲೆ ಅವರನ್ನು ಗಮನಿಸಿ, 2015ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಸಂಶೋಧಕರು ಬರೆದಿದ್ದರಂತೆ. ಹಿಡಿತ 5 ಕಿಲೋ ಕಮ್ಮಿ ಇದ್ದಂತೆಲ್ಲ ಸಾವಿನ ಅಪಾಯ 16 ಪರ್ಸೆಂಟ್ ಜಾಸ್ತಿ ಕಂಡಿತ್ತು. ಕೈ ಹಿಂಡಿದರೆ ಆಯುಷ್ಯ ಬೆಳೆಯುತ್ತೆ ಅಂತ ಅದರರ್ಥ ಅಲ್ಲ, ಒಟ್ಟು ಮೈಯ ಸ್ಥಿತಿಯನ್ನು ಕೈ ತೋರಿಸುತ್ತೆ ಅಷ್ಟೇ. ಇರಲಿ, ನನಗೆ ಆಗ ಆ ಕೊನೆಯ ಚಿಂತೆ ಇರಲಿಲ್ಲ. ಅಡಿಕೆ ಕೊನೆಯ ಚಿಂತೆ ಇತ್ತು.

ಎರಡು ವಾರ ಏನೂ ಒತ್ತಲಿಲ್ಲ. ಆಮೇಲೆ ಒಂದು ನೋಟ್‌ಬುಕ್ ತಗೊಂಡು 12 ವಾರದ ಕ್ರಮ ಬರೆದುಕೊಂಡೆ. ವಾರಕ್ಕೆ ಎರಡೇ ದಿನ, ಮಂಗಳವಾರ ಮತ್ತು ಶನಿವಾರ. ಮೊದಲು ಗೈಡ್ 10 ಸಲ, ಸ್ಪೋರ್ಟ್ 5 ಸಲ, ಕೈ ಬೆಚ್ಚಗಾಗಲು. ಆಮೇಲೆ ಟ್ರೈನರ್‌ನಲ್ಲಿ 4 ಸೆಟ್, ಅಂದರೆ ನಾಲ್ಕು ಸುತ್ತು, ನಡುನಡುವೆ ಎರಡು ನಿಮಿಷ ಬಿಡುವು. ಇನ್ನೊಂದು ಸಲ ಆಗುತ್ತೆ ಅನ್ನುವಾಗಲೇ ನಿಲ್ಲಿಸಬೇಕು. ನಾಲ್ಕೂ ಸೆಟ್‌ನಲ್ಲಿ 8 ಸಲ ಬಂದರೆ ಮಾತ್ರ ಮುಂದಿನ ಮೆಟ್ಟಿಲು. ಪ್ರತಿ ನಾಲ್ಕನೇ ವಾರ ಎಲ್ಲ ಅರ್ಧ.

ಐದನೇ ವಾರದಿಂದ ನೆಗೆಟಿವ್ ಸೇರಿಸಿದೆ. ಅಂದರೆ ನನಗೆ ಮುಚ್ಚೋಕೆ ಆಗದ ಗ್ರಿಪ್ಪರನ್ನು ಎರಡೂ ಕೈ ಸೇರಿಸಿ ಮುಚ್ಚಿ, ಒಂದು ಕೈ ಬಿಟ್ಟು, ಅದು ಬಿಚ್ಚಿಕೊಳ್ಳದ ಹಾಗೆ 5 ಸೆಕೆಂಡು ತಡೆಯೋದು. ಮೂರು ಸಲ ಸಾಕು, ಜಾಸ್ತಿ ಮಾಡಿದರೆ ಮೊಣಕೈ ಮತ್ತೆ ಮಾತಾಡುತ್ತದೆ. ಇದರ ಜೊತೆಗೆ ದಿನಾ ರಾತ್ರಿ ಹಳೆ ಸ್ಕೂಟರ್ ಟ್ಯೂಬ್ ಕತ್ತರಿಸಿ ಮಾಡಿದ ಪಟ್ಟಿಯನ್ನು ಐದೂ ಬೆರಳಿಗೆ ಹಾಕಿ ಹೊರಗೆ ಅಗಲಿಸೋದು, 25 ಸಲ. ಮುಚ್ಚುವ ಸ್ನಾಯು ಮಾತ್ರ ಬೆಳೆದು ಬಿಚ್ಚುವ ಸ್ನಾಯು ಹಿಂದೆ ಬಿದ್ದರೆ ತೊಂದರೆ ಅಂತ. ಅಕ್ಕಿ ಡಬ್ಬಕ್ಕೆ ಕೈ ಹಾಕಿ ಕಲಸುವ ಒಂದು ವ್ಯಾಯಾಮವೂ ಇದೆ. ಅದನ್ನು ಒಂದೇ ದಿನ ಮಾಡಿದ್ದು. "ಅನ್ನದಲ್ಲಿ ಕಸರತ್ತು ಮಾಡ್ತೀಯಾ?" ಅಂತ ಅಮ್ಮ ಬೈದ ಮೇಲೆ ಮರಳಿಗೆ ಬದಲಾಯಿಸಿದೆ.

ಜೂನ್ ಮೊದಲ ವಾರಕ್ಕೆ ಟ್ರೈನರ್ 4 ಸೆಟ್ 8 ಸಲ ಮುಗಿದಿತ್ತು. ಅರ್ಧ ನಂಬರ್ ಎರಡು ಸಲ ಟಕ್ ಅಂತ ಮುಚ್ಚಿದೆ. ಆ ಟಕ್ ಸದ್ದು ಕೇಳೋಕೆ ಏನು ಖುಷಿ ಅಂತೀರಿ! ಅದೇ ಹುರುಪಲ್ಲಿ ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಯೋಕೆ ಇಳಿದೆ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ಬೋರ್ಡೋ ದ್ರಾವಣ. ದೋಟಿ ತುದಿಗೆ ಸ್ಪ್ರೇ ಗನ್ ಕಟ್ಟಿ ಎತ್ತಿದೆ. 11 ಗಂಟೆಗೆ ಕೈ ಬಿಟ್ಟಿತು. ಮೂರು ತಿಂಗಳು ಕೆಲಸ ಮಾಡಿ ಗಳಿಸಿದ್ದು ಒಂದೇ ಗಂಟೆ!

ಕಾರಣ ಹೇಳಿಕೊಟ್ಟಿದ್ದು ನಮ್ಮ ಹಳೆ ಕೊನೆಗೌಡರು. ದೋಟಿ ಮುಟ್ಟದ ಎತ್ತರದ ಮರಗಳಿಗೆ ಈಗಲೂ ಅವರೇ ಬರೋದು, ಅರವತ್ತು ದಾಟಿದ ಮೇಲೂ. ಜಗಲಿಯಲ್ಲಿ ಎಲೆ ಅಡಿಕೆ ಹಾಕುತ್ತಾ ಗ್ರಿಪ್ಪರ್ ನೋಡಿದರು.

"ಇದು ಎಂಥದು?"

ಟ್ರೈನರ್ ಕೈಗೆ ಕೊಟ್ಟೆ. ಎಷ್ಟು ಒತ್ತಿದರೂ ಹಿಡಿಕೆಗಳ ಮಧ್ಯೆ ಎರಡು ಬೆರಳು ಜಾಗ ಉಳಿಯಿತು. ಒಳಗೊಳಗೇ ನನಗೆ ಸ್ವಲ್ಪ ಜಂಬ ಬಂತು, ಸುಳ್ಳು ಯಾಕೆ ಹೇಳಲಿ. ಅವರು ನಗುತ್ತಾ ಅಟ್ಟದ ತೊಲೆಗೆ ನಾನು ಕಟ್ಟಿದ್ದ ಹಗ್ಗ ಹಿಡಿದು ಕಾಲು ಎತ್ತಿದರು. ಎಲೆ ಅಡಿಕೆ ಬಾಯಲ್ಲೇ ಇತ್ತು. ಮಳೆ ಹೇಗೆ, ರೇಟು ಎಷ್ಟು ಅಂತ ಕೇಳುತ್ತಾ ನೇತಾಡಿದರು. ಫೋನಿನಲ್ಲಿ ನೋಡಿದೆ, 1 ನಿಮಿಷ 50 ಸೆಕೆಂಡು. ನಾನು ಅದೇ ಹಗ್ಗದಲ್ಲಿ 35 ಸೆಕೆಂಡಿಗೆ ಬಿದ್ದೆ.

ಒತ್ತೋದೇ ಬೇರೆ, ಹಿಡಿದುಕೊಂಡಿರೋದೇ ಬೇರೆ. ದೋಟಿಗೆ ಬೇಕಾಗಿದ್ದು ಎರಡನೆಯದು. ಗ್ರಿಪ್ಪರ್ ಒಂದು ಕ್ಷಣ ಮುಚ್ಚಿದರೆ ಮುಗಿಯಿತು, ದೋಟಿಯನ್ನು ಇಡೀ ಬೆಳಿಗ್ಗೆ ಬಿಡೋ ಹಾಗಿಲ್ಲ ಅಲ್ವಾ. ಕುಸ್ತಿಯವರಿಗೆ ಇದು ಹಳೇ ವಿಷಯ. ಶಿವಮೊಗ್ಗದ ಗರಡಿಗೆ ಹೋಗುತ್ತಿದ್ದ ಗೆಳೆಯನೊಬ್ಬ, "ನಾವು ಗದೆ ತಿರುಗಿಸೋದು ಮತ್ತೆ ಯಾಕೆ ಅಂದ್ಕೊಂಡಿದ್ದೀಯಾ?" ಅಂದ.

ಮಂಗಳವಾರ ಗ್ರಿಪ್ಪರಿಗೇ ಬಿಟ್ಟೆ. ಶನಿವಾರ ಪೂರ್ತಿ ಬದಲಾಯಿತು. ಹಗ್ಗಕ್ಕೆ ನೇತಾಡೋದು 4 ಸಲ, ವಾರಕ್ಕೆ 5 ಸೆಕೆಂಡು ಏರಿಸುತ್ತಾ. 20 ಲೀಟರ್ ಪೇಂಟ್ ಬಕೆಟ್ ಎರಡರಲ್ಲಿ ನೀರು ತುಂಬಿ, ಹಿಡಿಕೆಗೆ ಒದ್ದೆ ಗೋಣಿ ಸುತ್ತಿ ದಪ್ಪ ಮಾಡಿ, ಕೊಟ್ಟಿಗೆಯಿಂದ ಕಣದವರೆಗೆ ನಡಿಗೆ. ನೀರಲ್ಲಿ ಒಂದು ಅನುಕೂಲ ಇದೆ, ಒಂದು ಲೀಟರ್ ಅಂದರೆ ಒಂದು ಕಿಲೋ, ತಕ್ಕಡಿ ಬೇಡ. ಹೆಬ್ಬೆರಳಿಗೆ ಮಾತ್ರ ಎರಡು ಮಂಗಳೂರು ಹಂಚು ಬೆನ್ನಿಗೆ ಬೆನ್ನು ಸೇರಿಸಿ ಚಿವುಟಿ ಎತ್ತೋದು. ಒಂದು ಹಂಚು ಕಾಲ ಮೇಲೆ ಬಿದ್ದು ಉಗುರು ಕಪ್ಪಾಯಿತು. ಅಂದಿನಿಂದ ಕೆಳಗೆ ಗೋಣಿ ಮಡಚಿ ಹಾಸುತ್ತೇನೆ.

ಜುಲೈ, ಆಗಸ್ಟ್ ಬೇರೆಯದೇ ಕಥೆ. ಬಿಡದೆ ಸುರಿಯುವ ಮಳೆಗೆ ಅಂಗೈ ಚರ್ಮ ಅಕ್ಕಿ ನೆನೆಸಿದ ಹಾಗೆ ಮೆತ್ತಗಾಗುತ್ತದೆ, ಗ್ರಿಪ್ಪರ್ ಸ್ಪ್ರಿಂಗಿಗೆ ತುಕ್ಕು. ಸ್ಪ್ರಿಂಗಿಗೆ ಕೊಬ್ಬರಿ ಎಣ್ಣೆ ಹಚ್ಚಿದೆ. ಎಣ್ಣೆ ಹಿಡಿಕೆಗೂ ಬಂದು ಜಾರತೊಡಗಿತು. ಜಿಮ್‌ನವರು ಬಳಸುವ ಚಾಕ್ ಪುಡಿ ನಮ್ಮ ಥಂಡಿಗೆ ಗಟ್ಟಿಯಾಗಿ ಉಂಡೆ. ಕೊನೆಗೆ ಬಚ್ಚಲೊಲೆಯ ಬೂದಿ ಜರಡಿ ಹಿಡಿದು ಹಚ್ಚಿಕೊಂಡೆ. ಅದರಷ್ಟು ಚೆನ್ನಾಗಿ ಯಾವುದೂ ಹಿಡಿಯಲಿಲ್ಲ.

ಸೆಪ್ಟೆಂಬರ್‌ನಲ್ಲಿ ಅದೇ ಡೈನಮೋಮೀಟರ್‌ನಲ್ಲಿ ಬಲಗೈ 46, ಎಡಗೈ 42. ಹಗ್ಗದಲ್ಲಿ 1 ನಿಮಿಷ 20 ಸೆಕೆಂಡು.

ನವೆಂಬರ್‌ನಲ್ಲಿ ಕೊಯ್ಲಿಗೆ ದೋಟಿ ಎತ್ತಿದೆ. 10 ಗಂಟೆ ದಾಟಿತು, 11 ದಾಟಿತು. ಊಟಕ್ಕೆ ಕರೆಯುವವರೆಗೂ ಬೆರಳು ಬಿಚ್ಚಲಿಲ್ಲ. ಬದಲಿಗೆ ಕುತ್ತಿಗೆ ಹಿಡಿದುಕೊಂಡಿತು, ಮೇಲೇ ನೋಡಿ ನೋಡಿ. ಅದಕ್ಕಿನ್ನೂ ಕ್ರಮ ಬರೆದಿಲ್ಲ. ನಂಬರ್ 1ರ ಹಿಡಿಕೆಗಳ ಮಧ್ಯೆ ಈಗಲೂ ಒಂದು ರೂಪಾಯಿ ನಾಣ್ಯ ತೂರುವಷ್ಟು ಜಾಗ ಉಳಿಯುತ್ತದೆ. ಜಗಲಿಯ ಮೊಳೆಗೆ ನೇತುಹಾಕಿದ್ದೇನೆ. ಕೊನೆಗೌಡರು ಬಂದಾಗಲೆಲ್ಲ ಅದನ್ನು ನೋಡಿ, "ಬಾಯಿ ಮುಚ್ಚಿತಾ?" ಅಂತ ಕೇಳುತ್ತಾರೆ.